ಹೊರಬೀಡಿನ ದಿನ ಒಳಗಿದ್ದವರು

ಹೊನ್ನಾಳಿ
6 ಜನವರಿ 2025

ಮರುಳಸಿದ್ದಪ್ಪ ಮೇಷ್ಟ್ರಿಗೆ ನಮಸ್ಕಾರ.

ನಾನು ಸುಮೇರಾ. ಹೊನ್ನಾಳಿಯಲ್ಲಿ ಖಲೀಲಣ್ಣನ ಝೆರಾಕ್ಸ್ ಮತ್ತು ಟೈಪಿಂಗ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ನೀವು ಬರೆದ ತೊಗರಿಹಕ್ಕಲು ಗ್ರಾಮದ ಚರಿತ್ರೆಯ ಕೈಬರಹವನ್ನು ದೇವಸ್ಥಾನ ಸಮಿತಿಯವರು ನಮಗೆ ಕೊಟ್ಟಿದ್ದಾರೆ. ಟೈಪ್ ಮಾಡುತ್ತಿರುವವಳು ನಾನೇ. ನಿಮಗೆ ಕಿವಿ ಕೇಳಿಸುವುದಿಲ್ಲ, ಮೊಬೈಲೂ ಇಟ್ಟುಕೊಂಡಿಲ್ಲ, ಏನಿದ್ದರೂ ಜಗಳೂರಿಗೆ ಕಾಗದ ಹಾಕಬೇಕು ಎಂದು ಸಮಿತಿಯ ಕಾರ್ಯದರ್ಶಿ ಪರಶುರಾಮ್ ಅವರು ವಿಳಾಸ ಕೊಟ್ಟರು.

ಐವತ್ತೆರಡು ಪುಟ ಮುಗಿದಿದೆ. ಐವತ್ತಮೂರರಲ್ಲಿ ಕೈ ನಿಂತಿತು. 1993ರ ಬಗ್ಗೆ ಅಲ್ಲಿ ಹೀಗೆ ಬರೆದಿದ್ದೀರಿ:

“ಊರೆಲ್ಲ ಹೊರಬೀಡಿನಲ್ಲಿದ್ದಾಗ ಉಡಚಮ್ಮ ಎಂಬ ಹೆಂಗಸು ಕಟ್ಟಳೆ ಮೀರಿ ಊರೊಳಗೆ ಉಳಿದು, ತನ್ನ ಹಿತ್ತಿಲಿನ ಒಲೆ ಹಚ್ಚಿ, ತಾಮ್ರದ ತಪ್ಪಲೆಯಲ್ಲಿ ನೀರಿಟ್ಟು, ಊದುಗೊಳವೆಯಿಂದ ಊದುತ್ತ ಕುಳಿತಿದ್ದಳು. ಇದರ ಫಲವಾಗಿ ಹದಿನೈದು ದಿನಗಳೊಳಗೆ ನಾಲ್ಕು ಮಕ್ಕಳು ವಾಂತಿಭೇದಿಗೆ ಬಲಿಯಾದವು.”

ಇದು ನಿಮಗೆ ಹೇಗೆ ಗೊತ್ತು?

ಟೈಪ್ ಮಾಡುವವಳಿಗೆ ಇದೆಲ್ಲ ಏಕೆ ಎಂದು ನಿಮಗೆ ಅನ್ನಿಸಬಹುದು. ಖಲೀಲಣ್ಣನಿಗೂ ಹಾಗೇ ಅನ್ನಿಸಿದೆ. “ಬರ್ದಿದ್ದನ್ನ ಹೊಡಿ, ನಿಂಗ್ಯಾಕಮ್ಮ ಊರ ಉಸಾಬರಿ” ಎಂದರು. ಆದರೆ ನಾನು ಮೂರು ವರ್ಷದಿಂದ ಜನರ ಬದುಕು ಬರೆಯುತ್ತಿದ್ದೇನೆ. ಊರು ಕೆಟ್ಟ ಹೆಸರಿಟ್ಟವರದ್ದು ಮಾತ್ರ. ಇಬ್ಬರದು ಮುಗಿದಿದೆ. ನ್ಯಾಮತಿಯ ಒಬ್ಬ ಕಾಂಪೌಂಡರು ಸೂಜಿ ಚುಚ್ಚಿ ಬಾಣಂತಿಯನ್ನು ಕೊಂದ ಎನ್ನುತ್ತಿದ್ದರು. ವಿಚಾರಿಸಿದರೆ ಅವನು ಆ ವಾರ ಊರಿನಲ್ಲೇ ಇರಲಿಲ್ಲ. ಇನ್ನೊಬ್ಬ ಸುಳ್ಳು ಸಾಕ್ಷಿ ಹೇಳಿ ತಮ್ಮನನ್ನು ಜೈಲಿಗೆ ಕಳಿಸಿದ ಎನ್ನುತ್ತಿದ್ದರು. ವಿಚಾರಿಸಿದರೆ ಅದು ನಿಜವೇ ಆಗಿತ್ತು. ಹಾಗೇ ಬರೆದೆ. ಅವನ ಹೆಂಡತಿ ನನ್ನ ಮೇಲೆ ಸಗಣಿ ನೀರು ಎರಚಿದಳು.

ನಿಮ್ಮ ಉತ್ತರ ಬರುವವರೆಗೆ ಆ ಪುಟ ಬಿಟ್ಟು ಮುಂದಿನದು ಮಾಡುತ್ತಿರುತ್ತೇನೆ.

ಸುಮೇರಾ

* * *

ಜಗಳೂರು
14 ಜನವರಿ 2025

ಕುಮಾರಿ ಸುಮೇರಾಳಿಗೆ ಆಶೀರ್ವಾದ.

ನಿನ್ನ ಕಾಗದ ಓದಿದೆ. ಈ ಕಾಲದಲ್ಲಿ ಇಷ್ಟು ತಪ್ಪಿಲ್ಲದೆ ಕನ್ನಡ ಬರೆಯುವ ಮಕ್ಕಳು ಕಡಿಮೆ. ಸಂತೋಷ.

ನಿನಗೆ ಹೊರಬೀಡು ಗೊತ್ತಿರಲಿಕ್ಕಿಲ್ಲ. ವರ್ಷಕ್ಕೊಮ್ಮೆ ಒಂದು ಮಂಗಳವಾರ, ಊರಿಗೆ ಬಂದ ಬೇನೆ ಊರು ಬಿಟ್ಟು ಹೋಗಲಿ ಎಂದು ಜನರೇ ಊರು ಬಿಡುತ್ತಾರೆ. ಸೂರ್ಯ ಹುಟ್ಟುವ ಮೊದಲು ಒಲೆ ಆರಿಸಿ, ದನ ಕರು ಕೋಳಿ ಸಮೇತ ಹೊಲಕ್ಕೆ ಹೋಗಿ ಅಲ್ಲೇ ಅಡುಗೆ, ಅಲ್ಲೇ ಊಟ. ಊರ ಬಾಗಿಲಿಗೆ ಮುಳ್ಳು ಹಚ್ಚುತ್ತಾರೆ. ಸಂಜೆಯವರೆಗೆ ಒಳಗೆ ಒಂದು ಜೀವ ಇರಬಾರದು, ಒಂದು ಕಿಡಿ ಬೆಂಕಿ ಇರಬಾರದು. ಆಗ ನಾನು ನಮ್ಮೂರಿನ ಶಾಲೆಯಲ್ಲೇ ಮೇಷ್ಟ್ರಾಗಿದ್ದೆ. ಹೊರಬೀಡಿನ ಮೇಲ್ವಿಚಾರಣೆಯೂ ನನ್ನದೇ.

ಉಡಚಮ್ಮನ ಸಂಗತಿ ಊರಿಗೇ ಗೊತ್ತಿರುವುದು. ಅದಕ್ಕೆ ಪುರಾವೆ ಕೇಳುವುದೆಂದರೆ ಕೆರೆ ಎಲ್ಲಿದೆ ಎಂದು ಕೇಳಿದ ಹಾಗೆ. ಬೇನೆ ಬಂದದ್ದು ಅವಳಿಂದಲೇ ಎಂದು ನಾನು ನಂಬುತ್ತೇನೆಂದು ತಿಳಿಯಬೇಡ. ಊರಿನ ನಂಬಿಕೆಯನ್ನು ದಾಖಲಿಸಿದ್ದೇನೆ, ಅಷ್ಟೆ.

ಹೊರಬೀಡಿನ ದಿನ, ಅಂದರೆ ಮಾರ್ಚ್ 25ಕ್ಕೆ, ಪುಸ್ತಕದ ಬಿಡುಗಡೆ ಇಟ್ಟಿದ್ದಾರೆ. ಟೈಪ್ ಮಾಡಿ ಕಳಿಸು. ಎಲ್ಲಿಯವರೆಗೆ ಓದಿದ್ದೀಯ? ಬಡತನದಿಂದ ಬಿಟ್ಟಿದ್ದರೆ ಹೇಳು. ಮತ್ತೆ ಪರೀಕ್ಷೆ ಕಟ್ಟಲು ದಾರಿಗಳಿವೆ.

ಮರುಳಸಿದ್ದಪ್ಪ

* * *

ಹೊನ್ನಾಳಿ
23 ಜನವರಿ 2025

ಮೇಷ್ಟ್ರೇ,

ಒಂಬತ್ತನೇ ತರಗತಿಯ ಅರ್ಧಕ್ಕೆ ಬಿಟ್ಟೆ. ಬಡತನ ಎಂದು ಬರೆದುಕೊಳ್ಳಬೇಡಿ. ನಮ್ಮಪ್ಪ ಟೈಲರ್, ಫೀಸು ಕಟ್ಟಿದ್ದರು. ನನಗೆ ಕೂರಲು ಆಗಲಿಲ್ಲ, ಅಷ್ಟೆ. ಕಿಟಕಿಯಾಚೆ ಬಸ್ ಹೋದರೆ ಅದರಲ್ಲಿ ಯಾರಿದ್ದಾರೆ, ಎಲ್ಲಿಗೆ ಹೊರಟಿದ್ದಾರೆ ಎಂದು ತಿಳಿಯದೆ ಪಾಠ ತಲೆಗೆ ಹೋಗುತ್ತಿರಲಿಲ್ಲ. ಹೊರಬೀಡೂ ಗೊತ್ತು. ನಮ್ಮ ದೊಡ್ಡಮ್ಮನ ಊರಿನಲ್ಲಿ ಸಾಬರೂ ಹೊಲಕ್ಕೆ ಹೋಗುತ್ತಾರೆ. ಅವತ್ತು ಊರಿನ ಅರ್ಧ ಗಂಡಸರು ಸಾರು ಕುದಿಯುವ ವಾಸನೆ ಹಿಡಿದು ಅವರ ಮರದ ಕೆಳಗೇ ಬಂದು ಕೂತಿರುತ್ತಾರೆ.

ಭಾನುವಾರ ತೊಗರಿಹಕ್ಕಲಿಗೆ ಹೋಗಿದ್ದೆ. ಕಟ್ಟೆಯ ಮೇಲೆ ಗಿಡ್ಡಪ್ಪಜ್ಜ ಸಿಕ್ಕಿದರು. ನಡೆದ ಮಾತು ಇದ್ದ ಹಾಗೇ ಬರೆಯುತ್ತೇನೆ.

“ಉಡಚಮ್ಮ ಒಳಗಿದ್ದಿದ್ದು ನಿಜಾನಾ ಅಜ್ಜ?”

“ನಿಜಾನಾ ಅಂತೀಯಲ್ಲ ತಂಗಿ! ಊರಿಗೇ ಗೊತ್ತೈತೆ.”

“ನೀವು ನೋಡಿದ್ರಾ?”

“ನಾನೆಂಗೆ ನೋಡ್ಲಿ? ನಾನು ಹೊಲದಾಗಿದ್ದೆ.”

“ಮತ್ತೆ ಯಾರು ನೋಡಿದ್ರು?”

“ಎಲ್ರೂ ನೋಡ್ಯಾರೆ.”

“ಎಲ್ರೂ ಹೊಲದಾಗಿದ್ರಲ್ಲ?”

ಅಜ್ಜ ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚಿದರು. ಆಮೇಲೆ, “ನಿಮ್ಮಪ್ಪ ಟೈಲರ್ ಅಂದೆಯಲ್ಲ, ನಂದೊಂದು ಅಂಗಿ ಐತೆ, ಕಾಲರ್ ತಿರುವಿ ಕೊಡ್ತಾನೇನು ಕೇಳು” ಎಂದರು.

ಉಡಚಮ್ಮನ ಮಗಳು ಅಂಬಿಕಾ ಆ ಊರಿನಲ್ಲೇ ಇದ್ದಾರೆ. ತಾಯಿ ಊರು ಬಿಟ್ಟಾಗ ಅವರಿಗೆ ಆರು ವರ್ಷ. ಸೋದರಮಾವ ಸಾಕಿ, ತನ್ನ ಮಗನಿಗೇ ತಂದುಕೊಂಡರು. ಈಗಲೂ ಪ್ರತಿ ಹೊರಬೀಡಿನ ಬೆಳಗ್ಗೆ ಇಬ್ಬರು ಗಂಡಸರು ಬಂದು ಮೊದಲು ಅವರ ಮನೆಯ ಒಲೆ ಮುಟ್ಟಿ ನೋಡುತ್ತಾರಂತೆ, ಆಮೇಲೆ ಬೇರೆಯವರದ್ದು. ಅಂಬಿಕಾ ಹೇಳಿದರು: “ನನ್ನ ಮಗಳು ಏಳನೇ ಕ್ಲಾಸು. ಈ ಪುಸ್ತಕ ಸಾಲಿಗೂ ಕೊಡ್ತಾರಂತೆ. ಬಾಯಿ ಮಾತಾದ್ರೆ ಸುಳ್ಳು ಅಂತ ಜಗಳ ಮಾಡಬೋದು. ಅಚ್ಚಿನಾಗೆ ಬಂದ ಮೇಲೆ ಅವಳು ಯಾರ ಕೂಡ ಜಗಳ ಮಾಡ್ಬೇಕು ಹೇಳ್ರಿ?”

ಅದಕ್ಕೇ ಮತ್ತೆ ಕೇಳುತ್ತಿದ್ದೇನೆ. ಅವತ್ತು ಒಳಗಿದ್ದವರು ಮಾತ್ರ ಒಳಗಿದ್ದವರನ್ನು ನೋಡಲು ಸಾಧ್ಯ. ನಿಮಗೆ ಹೇಳಿದವರು ಯಾರು?

ಸುಮೇರಾ

* * *

ಜಗಳೂರು
3 ಫೆಬ್ರವರಿ 2025

ಸುಮೇರಾ,

ನೀನು ಪೊಲೀಸಿನವಳಲ್ಲ, ನಾನು ಆರೋಪಿಯಲ್ಲ. ಆದರೂ ಹೇಳುತ್ತೇನೆ. ಮಧ್ಯಾಹ್ನ ಹೊಲದಲ್ಲಿದ್ದವರಿಗೆ ಊರ ಕಡೆ ಹೊಗೆ ಕಂಡಿತು. ಸಂಜೆ ಒಳಗೆ ಬಂದವರು ಮನೆ ಮನೆಯ ಒಲೆಗೆ ಕೈ ಹಾಕಿ ನೋಡಿದರು. ಉಡಚಮ್ಮನ ಬೂದಿ ಬಿಸಿಯಾಗಿತ್ತು. ಕೇಳಿದರೆ, “ಹೌದು, ನಾನೇ ಇದ್ದೆ” ಎಂದಳು. ಏಕೆ ಎಂದರೆ ಬಾಯಿ ಬಿಡಲಿಲ್ಲ. ಮಕ್ಕಳು ಸತ್ತ ಮೇಲೆ ಯಾರೂ ಕೂಲಿಗೆ ಕರೆಯಲಿಲ್ಲ, ಬಾವಿಯ ಹತ್ತಿರ ಬಿಡಲಿಲ್ಲ. ತಿಂಗಳೊಳಗೆ ಊರು ಬಿಟ್ಟಳು. ಇದಕ್ಕಿಂತ ಹೆಚ್ಚಿನ ಪುರಾವೆ ಯಾವ ಚರಿತ್ರೆಕಾರನಿಗೆ ಸಿಗುತ್ತದೆ?

ಅಂಬಿಕಾ ನನ್ನ ಶಿಷ್ಯೆ. ಒಂದನೇ ತರಗತಿಯಲ್ಲಿ ಅವಳಿಗೆ ಅಕ್ಷರ ತಿದ್ದಿಸಿದವನು ನಾನು. ಅವಳ ಮಗಳಿಗೆ ನೋವಾಗುವುದು ನನಗೂ ಬೇಡ. ಆ ಎರಡು ವಾಕ್ಯ ತೆಗೆದುಹಾಕು. ಹೊರಬೀಡಿನ ವರ್ಣನೆ ಅದಿಲ್ಲದೆಯೂ ನಿಲ್ಲುತ್ತದೆ. ಇಲ್ಲಿಗೆ ಮುಗಿಯಲಿ.

ಮರುಳಸಿದ್ದಪ್ಪ

* * *

ಹೊನ್ನಾಳಿ
8 ಫೆಬ್ರವರಿ 2025

ಮೇಷ್ಟ್ರೇ,

ತೆಗೆಯುವುದಿಲ್ಲ.

ನೀವು ತೆಗೆಯಿರಿ ಎಂದಾಗ ಮೊದಲು ಖುಷಿಯಾಯಿತು. ಡಿಲೀಟ್ ಗುಂಡಿಯ ಮೇಲೆ ಬೆರಳೂ ಇಟ್ಟೆ. ಆಮೇಲೆ ಯೋಚಿಸಿದೆ. ಪುಸ್ತಕದಿಂದ ಹೋದರೆ ಊರ ಬಾಯಿಂದ ಹೋಗುತ್ತದೆಯೇ? ಮುಂದಿನ ವರ್ಷವೂ ಆ ಇಬ್ಬರು ಬಂದು ಒಲೆ ಮುಟ್ಟುತ್ತಾರೆ. ಸುಳ್ಳಿದ್ದರೆ ಸುಳ್ಳೆಂದು ಬರೆಯಬೇಕು, ನಿಜವಿದ್ದರೆ ಪೂರ್ತಿ ನಿಜ ಬರೆಯಬೇಕು.

ಇಷ್ಟು ದಿನ ಹೇಳದ ಒಂದು ವಿಷಯ ಹೇಳುತ್ತೇನೆ. ಎರಡನೇ ಕಾಗದ ಬರೆಯುವ ಮೊದಲೇ ನಾನು ಉಡಚಮ್ಮನವರನ್ನು ನೋಡಿ ಬಂದಿದ್ದೆ. ನೀವು ಏನು ಬರೆಯುತ್ತೀರಿ ನೋಡೋಣ ಎಂದು ಮುಚ್ಚಿಟ್ಟೆ. ಅವರು ಚನ್ನಗಿರಿಯಲ್ಲಿದ್ದಾರೆ, ವಿಳಾಸ ಅಂಬಿಕಾ ಕೊಟ್ಟಿದ್ದರು. ಒಂದು ಖಾನಾವಳಿಗೆ ಜೋಳದ ರೊಟ್ಟಿ ತಟ್ಟಿಕೊಡುತ್ತಾರೆ. ನಾನು ಹೋದಾಗಲೂ ತಟ್ಟುತ್ತಿದ್ದರು.

“ಯಾರವ್ವ ನೀನು?”

“ಸುಮೇರಾ. ನಿಮ್ಮ ಬಗ್ಗೆ ಬರೀಬೇಕು ಅಂತ ಬಂದೆ.”

“ನನ್ನ ಬಗ್ಗೆ ಏನೈತೆ ಬರೆಯಾಕೆ? ರೊಟ್ಟಿ ದುಂಡಗೈತೆ ಅಂತ ಬರಿ.”

“ಹೊರಬೀಡಿನ ದಿನ ಒಳಗಿದ್ರಂತೆ.”

ಕೈ ನಿಲ್ಲಲಿಲ್ಲ. “ಇದ್ದೆ.”

“ಒಲೆ ಹಚ್ಚಿದ್ರಾ?”

“ಹಚ್ಚಿದ್ದೆ. ಹಚ್ದಿದ್ರೆ ನೀರು ಕಾಯ್ತದೇನು?”

“ಯಾರಿಗೆ ನೀರು?”

“ಬಾಯಿ ಇದ್ದೋರಿಗೆ. ನಿಂಗೂ ಐತಲ್ಲ, ಅಷ್ಟು ದೊಡ್ದು.”

“ಹೇಳಿದ್ರೆ ನಿಮ್ಮ ಮಗಳಿಗೆ ಒಳ್ಳೇದಾಗ್ತದೆ.”

“ನೋಡವ್ವ, ಒಬ್ರು ಕೈ ಹಿಡ್ಕಂಡು ಕೇಳಿದ್ರು, ಯಾರಿಗೂ ಹೇಳ್ಬ್ಯಾಡ ಅಂತ. ಮಾತು ಕೊಟ್ಟೀನಿ. ವಾಪಸ್ ಇಸ್ಕಳಾಕೆ ಅದೇನು ಕಡ ಕೊಟ್ಟ ಸಕ್ರೇನಾ?”

ಎದ್ದು ಹೊರಡುವಾಗ, “ಮರುಳಸಿದ್ದಪ್ಪ ಮೇಷ್ಟ್ರು ಪುಸ್ತಕ ಬರೆದಿದ್ದಾರೆ, ಅದರಲ್ಲಿ ನೀವು ಬರ್ತೀರಿ” ಎಂದೆ. ಅಷ್ಟು ಹೊತ್ತಿನಲ್ಲಿ ಮೊದಲ ಸಲ ರೊಟ್ಟಿ ಹರಿಯಿತು.

ಇನ್ನೊಂದು ಮಾತು. ಹೊಗೆ ಹೊಲದಿಂದ ಕಾಣುತ್ತದೆ, ಬೂದಿಯ ಬಿಸಿ ಕೈಗೆ ತಿಳಿಯುತ್ತದೆ. ತಾಮ್ರದ ತಪ್ಪಲೆ? ಊದುಗೊಳವೆ? ಊರಿನಲ್ಲಿ ಹನ್ನೊಂದು ಜನರನ್ನು ಕೇಳಿದೆ. ಯಾರ ಬಾಯಲ್ಲೂ ತಪ್ಪಲೆ ಬರಲಿಲ್ಲ. ಅಂಬಿಕಾ ನಕ್ಕುಬಿಟ್ಟರು. “ನಮ್ಮನ್ಯಾಗೆ ತಾಮ್ರ ಎಲ್ಲಿತ್ತು ಬಿಡ್ರಿ, ಇದ್ದಿದ್ದೇ ಎರಡು ಮಡಕೆ.”

ಮೇಷ್ಟ್ರೇ, ಅವತ್ತು ನೀವು ಒಳಗೆ ಬಂದಿದ್ದಿರಿ. ನೋಡದೆ ಯಾರೂ ಹಾಗೆ ಬರೆಯಲಾರರು. ಏಕೆ ಬಂದಿದ್ದಿರಿ ಎಂಬುದಕ್ಕೆ ನನಗೆ ಒಂದೇ ಕಾರಣ ತೋಚುತ್ತದೆ. ಆಕೆ ಗಂಡನಿಲ್ಲದ ಹೆಂಗಸು. ನಿಮಗೆ ಆಗ ಮೂವತ್ತು ವರ್ಷ. ಕೈ ಹಿಡಿದು ಕೇಳಿಕೊಂಡವರು ನೀವೇ. ಹೌದೋ ಅಲ್ಲವೋ ಬರೆಯಿರಿ.

ಸುಮೇರಾ

* * *

ಹೊನ್ನಾಳಿ
27 ಫೆಬ್ರವರಿ 2025

ಮೇಷ್ಟ್ರೇ,

ಹತ್ತೊಂಬತ್ತು ದಿನವಾಯಿತು, ಉತ್ತರವಿಲ್ಲ. ಪ್ರತಿದಿನ ಪೋಸ್ಟ್‌ಮ್ಯಾನ್ ಅಂಗಡಿ ದಾಟುವಾಗ ಕೈ ಅಲ್ಲಾಡಿಸಿ ಇಲ್ಲ ಎನ್ನುತ್ತಾರೆ.

ನೀವು ಬರೆಯದಿದ್ದರೂ ನಾನು ಬರೆಯಬೇಕು. ಏಕೆಂದರೆ ತಪ್ಪು ಮಾಡಿದ್ದೇನೆ. ನಿಮ್ಮ ಮೇಲಿನ ಅನುಮಾನವನ್ನು ಕಾಗದದಲ್ಲಿ ಬರೆದು ಸುಮ್ಮನಿರಲಿಲ್ಲ. ಅಂಬಿಕಾ ಅವರಿಗೂ ಹೇಳಿದೆ. ಅವರು ನೀರಿನ ಕೊಡ ಕೆಳಗಿಟ್ಟು, ನನ್ನ ಮುಖ ನೋಡಿ ಹೇಳಿದ್ದು ಇಷ್ಟು: “ನಮ್ಮವ್ವನಿಗೆ ಇದ್ದ ಒಂದು ಕೆಟ್ಟ ಹೆಸರು ಸಾಲ್ದು ಅಂತ ಇನ್ನೊಂದು ತಂದ್ಯೇನು? ಆ ಮೇಷ್ಟ್ರು ಬರ್ದಿದ್ದು ನೋಡದಲೇ ಬರ್ದಾರೆ ಅಂತ ಹೊಂಟೋಳು ನೀನು. ನೀನೇನು ನೋಡ್ಬಂದಿ?”

ಅಂಗಡಿಗೆ ಬಂದು ನನ್ನ ನೋಟ್‌ಬುಕ್ ತೆಗೆದೆ. ಅದರಲ್ಲಿ ನಿಮ್ಮಿಬ್ಬರ ಬಗ್ಗೆ ನಾಲ್ಕು ಪುಟ ಬರೆದಿದ್ದೆ. ಚೆನ್ನಾಗಿಯೂ ಬರೆದಿದ್ದೆ. ಅದೇ ಹೆಚ್ಚು ನಾಚಿಕೆ. ಹರಿದುಹಾಕಲಿಲ್ಲ. ಮೇಲೆ “ಇದು ನನ್ನ ಊಹೆ, ಯಾರೂ ನಂಬಬೇಡಿ” ಎಂದು ಕೆಂಪಕ್ಷರದಲ್ಲಿ ಬರೆದೆ. ನಿಮ್ಮ ಕ್ಷಮೆ ಕೇಳುತ್ತೇನೆ. ನೀವು ಒಳಗೆ ಬಂದಿದ್ದಿರಿ ಎಂಬುದನ್ನು ಮಾತ್ರ ಹಿಂದೆ ತೆಗೆದುಕೊಳ್ಳುವುದಿಲ್ಲ. ಅದು ಊಹೆಯಲ್ಲ.

ಪರಶುರಾಮ್ ಅವರು ನಿನ್ನೆ ಬಂದಿದ್ದರು. “ಎಲ್ಲಾ ಪೇಜು ಐತೆ, ಐವತ್ತಮೂರು ಎಲ್ಲಿ?” ಎಂದರು. ಮೇಷ್ಟ್ರ ಉತ್ತರಕ್ಕೆ ಕಾಯುತ್ತಿದ್ದೇನೆ ಎಂದೆ. “ಏನ್ರೀ ಖಲೀಲ್, ನಿಮ್ಮ ಹುಡುಗಿ ಟೈಪ್ ಮಾಡ್ತಾಳೋ, ತನಿಖೆ ಮಾಡ್ತಾಳೋ? ಹದಿನೈದನೇ ತಾರೀಕಿಗೆ ಪ್ರೆಸ್ಸಿಗೆ ಹೋಗ್ಬೇಕು. ಇಲ್ದಿದ್ರೆ ಬ್ಯಾರೆ ಕಡೆ ಮಾಡಿಸ್ತೀವಿ” ಎಂದು ಹೋದರು. ಖಲೀಲಣ್ಣ ಬೈಯಲಿಲ್ಲ. ಎರಡು ಟೀ ತರಿಸಿದರು. ಆಮೇಲೆ, “ಹದಿನೈದರ ತನಕ ನಿನ್ನ ಹಟ, ಹದಿನಾರರಿಂದ ನನ್ನ ಅಂಗಡಿ” ಎಂದರು.

ಸುಮೇರಾ

* * *

ಜಗಳೂರು
5 ಮಾರ್ಚ್ 2025

ಸುಮೇರಾ,

ಫೆಬ್ರವರಿ 8ರ ಕಾಗದ ಓದಿ, ನಿನ್ನ ಮೇಲೆ ಬಂದ ಸಿಟ್ಟಿನಲ್ಲಿ ಮೂರು ಸಲ ಬರೆದೆ, ಮೂರು ಸಲ ಹರಿದೆ. ನಾಲ್ಕನೆಯ ಸಲ ಕೂತಾಗ, ನೀನು ಕಟ್ಟಿದ ಕಥೆ ಸುಳ್ಳು ಎಂದು ತೋರಿಸಬೇಕಾದರೆ ನಿಜವನ್ನೇ ಬರೆಯಬೇಕು, ಬೇರೆ ದಾರಿಯಿಲ್ಲ ಎಂದು ಹೊಳೆಯಿತು. ಆಗ ಪೆನ್ನು ಕೆಳಗಿಟ್ಟೆ. ಅಷ್ಟರಲ್ಲಿ ನಿನ್ನ ಮತ್ತೊಂದು ಕಾಗದ ಬಂತು.

ತಪ್ಪಲೆ ನಮ್ಮದು. ನಮ್ಮವ್ವನ ತವರಿನಿಂದ ಬಂದದ್ದು.

ಹೊರಬೀಡಿಗೆ ಮೂರು ದಿನ ಮೊದಲು ಅವ್ವನಿಗೆ ವಾಂತಿಭೇದಿ ಶುರುವಾಗಿತ್ತು. ಮಂಗಳವಾರದ ಹೊತ್ತಿಗೆ ಎದ್ದು ಕೂರಲೂ ಶಕ್ತಿ ಇರಲಿಲ್ಲ. ಬೇನೆ ಬಿದ್ದವರನ್ನು ಗಾಡಿಯಲ್ಲಿ ಮಲಗಿಸಿ ಹೊಲಕ್ಕೆ ಒಯ್ಯುವುದು ಕಟ್ಟಳೆ. ಆ ಬಿಸಿಲಲ್ಲಿ ಅವಳು ಸಂಜೆ ನೋಡುತ್ತಿರಲಿಲ್ಲ. ಒಯ್ಯುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಹೊರಬೀಡಿನ ಮೇಲ್ವಿಚಾರಕ ನಾನು, ಮನೆ ಮನೆಗೆ ಹೋಗಿ ಒಬ್ಬರೂ ಉಳಿಯಬೇಡಿ ಎಂದು ಹೇಳಿದವನು ನಾನು. ಅವ್ವ ಜಗಳೂರಿಗೆ, ಅಕ್ಕನ ಮನೆಗೆ ಹೋಗಿದ್ದಾಳೆ ಎಂದು ಊರಿಗೆ ಸುಳ್ಳು ಹೇಳಿದೆ. ನಮ್ಮ ಮನೆಯ ಕಸ ಮುಸುರೆ ಮಾಡುತ್ತಿದ್ದ ಉಡಚಮ್ಮನನ್ನು, ಒಂದು ದಿನ ಅವ್ವನ ಹತ್ತಿರ ಇರು ಎಂದು ಕೇಳಿದೆ. “ಆಗ್ಲಿ ಬಿಡ್ರಿ” ಎಂದಳು. ಅಷ್ಟೇ. ಏಕೆ, ಏನು ಎಂದು ಕೇಳಲಿಲ್ಲ. ಮಗಳನ್ನು ಅವಳ ಸೋದರಮಾವನ ಜೊತೆ ಹೊಲಕ್ಕೆ ಕಳಿಸಿ ತಾನು ಉಳಿದಳು. ನಮ್ಮ ಹಿತ್ತಿಲು ದಾಟಿದರೆ ಅವಳ ಹಿತ್ತಿಲು. ನಮ್ಮ ಒಲೆ ತಣ್ಣಗಿರಲಿ ಎಂದು ಅವಳ ಒಲೆಯಲ್ಲಿ ನೀರು ಕಾಯಿಸಿದಳು.

ಮಧ್ಯಾಹ್ನ ಹೊಗೆ ಕಂಡಿತು. ಎಮ್ಮೆ ತಪ್ಪಿಸಿಕೊಂಡಿದೆ ಎಂದು ಹೇಳಿ ಹಳ್ಳದ ಕಡೆಯಿಂದ ಒಳಗೆ ಬಂದೆ. ಬೆಂಕಿ ಆರಿಸು ಎನ್ನಲು ಬಂದಿದ್ದೆ. ಅವಳು ಊದುತ್ತ ಕೂತಿದ್ದಳು. ತಲೆ ಎತ್ತಿ, “ಅಜ್ಜಿ ಕಣ್ಣು ಬಿಟ್ಟಾಳೆ ನೋಡ್ಹೋಗ್ರಿ ಮೇಷ್ಟ್ರೇ” ಎಂದಳು. ಕಾಯಿಸಿ ಆರಿಸಿದ ನೀರಿಗೆ ಉಪ್ಪು, ಬೆಲ್ಲ ಹಾಕಿ ಚಮಚದಲ್ಲಿ ಗಂಟೆಗಟ್ಟಲೆ ಕುಡಿಸಿದ್ದಳು. ಯಾರು ಹೇಳಿಕೊಟ್ಟಿದ್ದರೋ ಗೊತ್ತಿಲ್ಲ. ಅವ್ವ ಆಮೇಲೆ ಹನ್ನೊಂದು ವರ್ಷ ಬದುಕಿದಳು.

ಕೈ ಹಿಡಿದು ಕೇಳಿಕೊಂಡದ್ದು ಅವ್ವ. ನನ್ನ ಮಗನ ಮರ್ಯಾದೆ ಕಾಯಿ ಎಂದಿರಬೇಕು. ನಾನು ಏನನ್ನೂ ಕೇಳಿಕೊಳ್ಳಲಿಲ್ಲ. ಕೇಳುವ ಅಗತ್ಯವೇ ಬೀಳಲಿಲ್ಲ. ಪಂಚಾಯಿತಿ ಸೇರಿದಾಗ ಉಡಚಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ಹೇಳಿಬಿಡುತ್ತಿದ್ದೆನೇನೋ ಎಂದು ಮೂವತ್ತೆರಡು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

ಪುಸ್ತಕದಲ್ಲಿ ಅದನ್ನು ಏಕೆ ಬರೆದೆ ಎಂದರೆ, ಬರೆಯದಿದ್ದರೆ ಮೇಷ್ಟ್ರು ಇದನ್ನೇಕೆ ಬಿಟ್ಟರು ಎಂದು ಊರವರು ಕೇಳುತ್ತಿದ್ದರು. ಬರೆಯಲು ಕೂತಾಗ ತಪ್ಪಲೆ ಎಲ್ಲಿಂದ ಬಂತೋ ತಿಳಿಯಲಿಲ್ಲ.

ಇದರ ಜೊತೆ ಹೊಸ ಐವತ್ತಮೂರನೇ ಪುಟ ಇಟ್ಟಿದ್ದೇನೆ. ಉಡಚಮ್ಮ ನನ್ನ ತಾಯಿಯ ಆರೈಕೆಗಾಗಿ, ನನ್ನ ಕೋರಿಕೆಯ ಮೇಲೆ ಒಳಗೆ ಉಳಿದಳು, ತಾಯಿ ಆಮೇಲೆ ಹನ್ನೊಂದು ವರ್ಷ ಬದುಕಿದಳು, ನಾನು ಅದನ್ನೆಲ್ಲ ಮುಚ್ಚಿಟ್ಟೆ ಎಂದು ನನ್ನ ಹೆಸರಿನಲ್ಲೇ ಬರೆದಿದ್ದೇನೆ. ಟೈಪ್ ಮಾಡು.

ಮರುಳಸಿದ್ದಪ್ಪ

* * *

ಹೊನ್ನಾಳಿ
8 ಮಾರ್ಚ್ 2025

ಮೇಷ್ಟ್ರೇ,

ಕಾಗದ ನಿನ್ನೆ ಸಿಕ್ಕಿತು. ಅಂಗಡಿಯ ಹಿಂದೆ ಹೋಗಿ ಓದಿದೆ. ನಾನು ಊಹಿಸಿದ್ದಕ್ಕೆ ಇನ್ನೊಮ್ಮೆ ಕ್ಷಮಿಸಿ.

ಪುಟ ಟೈಪ್ ಮಾಡಿದ್ದೇನೆ. ಆದರೆ ನಿಮ್ಮ ಕಾಗದದಲ್ಲಿರುವ ಒಂದು ಮಾತು ಪುಟದಲ್ಲಿಲ್ಲ. ನಿಮಗೆ ನೋವಾಗುತ್ತದೆಂದು ಗೊತ್ತಿದ್ದೇ ಕೇಳುತ್ತೇನೆ. ನಿಮ್ಮ ತಾಯಿಗೆ ಹೊರಬೀಡಿಗಿಂತ ಮೂರು ದಿನ ಮೊದಲೇ ಬೇನೆ ಬಂದಿತ್ತು. ಅಂದರೆ ಉಡಚಮ್ಮ ಒಲೆ ಹಚ್ಚುವ ಮೊದಲೇ ಬೇನೆ ಊರಿನಲ್ಲಿತ್ತು. ಅದು ಗೊತ್ತಿದ್ದು ಊರಿಗೆ ಹೇಳಬೇಕಾಗಿದ್ದವರು ನೀವು. ಆಗಲೇ ಹೇಳಿದ್ದರೆ ಬೇರೆ ಮನೆಯವರೂ ನೀರು ಕಾಯಿಸಿ ಕುಡಿಯುತ್ತಿದ್ದರಲ್ಲವೇ?

ಇದು ಇಲ್ಲದಿದ್ದರೆ ಉಡಚಮ್ಮ ಒಳ್ಳೆಯವಳು, ಆದರೂ ಅವಳಿಂದಲೇ ಬೇನೆ ಬಂತು ಎಂದೇ ಜನ ಓದುತ್ತಾರೆ.

ಬರೆಯಲೇಬೇಕು ಎಂದು ಹೇಳಲು ನಾನು ಯಾರೂ ಅಲ್ಲ. ಬರೆಯದಿದ್ದರೆ ಕೊಟ್ಟಷ್ಟನ್ನೇ ಅಚ್ಚಿಗೆ ಕಳಿಸುತ್ತೇನೆ. ಆದರೆ ನನ್ನ ನೋಟ್‌ಬುಕ್‌ನಲ್ಲಿ ಪೂರ್ತಿ ಬರೆಯುತ್ತೇನೆ.

ಸುಮೇರಾ

* * *

ಜಗಳೂರು
12 ಮಾರ್ಚ್ 2025

ಸುಮೇರಾ,

ಕೊನೆಗೆ ಇದನ್ನು ಸೇರಿಸು:

“ಬೇನೆ ಹೊರಬೀಡಿಗೆ ಮೊದಲೇ ನಮ್ಮ ಮನೆಗೆ ಬಂದಿತ್ತು. ನಾನು ಊರಿಗೆ ತಿಳಿಸಲಿಲ್ಲ. ತಿಳಿಸಿದ್ದರೆ ಆ ನಾಲ್ಕು ಮಕ್ಕಳು ಉಳಿಯುತ್ತಿದ್ದರೋ ಇಲ್ಲವೋ ಹೇಳಲಾರೆ. ಉಳಿಯುತ್ತಿರಲಿಲ್ಲ ಎಂದೂ ಹೇಳಲಾರೆ.”

ಈ ಪುಟ ಇಲ್ಲದೆ ನನ್ನ ಹೆಸರಿನಲ್ಲಿ ಪುಸ್ತಕ ಬರಕೂಡದು ಎಂದು ಪರಶುರಾಮನಿಗೆ ಬೇರೆ ಬರೆದಿದ್ದೇನೆ. ಆಮಂತ್ರಣ ಹಂಚಿ ಆಗಿದೆಯಂತೆ, ಒಪ್ಪದೆ ಅವನಿಗೆ ವಿಧಿಯಿಲ್ಲ. ಹೊಲಕ್ಕೆ ನಾನೇ ಬಂದು ಓದುತ್ತೇನೆ.

ಮರುಳಸಿದ್ದಪ್ಪ

* * *

ಜಗಳೂರು
27 ಮಾರ್ಚ್ 2025

ಸುಮೇರಾ,

ಮೊನ್ನೆ ನಿನ್ನ ಜೊತೆ ಕೂತು ಬರೆದು ಮಾತಾಡಲು ಆಗಲಿಲ್ಲ. ಓದಿ ಮುಗಿಸಿದ ಕೂಡಲೇ ಅಕ್ಕನ ಮಗ ನನ್ನನ್ನು ಕಾರಿಗೆ ಹತ್ತಿಸಿದ. ಜನರ ಬಾಯಿಗಳು ಕಂಡವು, ಮಾತು ಕೇಳಲಿಲ್ಲ. ಒಬ್ಬ ಮುದುಕಿ ನನ್ನ ಮುಂದೆ ನಿಂತು ಬಹಳ ಹೊತ್ತು ಏನೋ ಹೇಳಿದಳು. ನಾನು ಕೈ ಮುಗಿದೆ. ಅಕ್ಕನ ಮಗನನ್ನು ಕೇಳಿದರೆ, ಎಲ್ಲ ಒಳ್ಳೆಯದನ್ನೇ ಅಂದರು ಎಂದು ಬರೆದು ತೋರಿಸುತ್ತಾನೆ. ಅವನು ಸುಳ್ಳು ಹೇಳುವಾಗ ಅಕ್ಷರ ದುಂಡಗೆ ಬರುತ್ತವೆ. ನೀನು ಬರಿ.

ಮರುಳಸಿದ್ದಪ್ಪ

* * *

ಹೊನ್ನಾಳಿ
2 ಏಪ್ರಿಲ್ 2025

ಮೇಷ್ಟ್ರೇ,

ಕೇಳಿದ್ದೀರಿ, ಬರೆಯುತ್ತೇನೆ.

ನೀವು ಓದುವಾಗ ಮೊದಲು ಯಾರೂ ಗಮನ ಕೊಡಲಿಲ್ಲ. ಹೋಳಿಗೆ ಬೇಯುತ್ತಿತ್ತು. ‘ನನ್ನ ಕೋರಿಕೆಯ ಮೇಲೆ’ ಎಂದಾಗ ಹೆಂಗಸರ ಕಡೆ ಸದ್ದು ನಿಂತಿತು. ಕೊನೆಯ ಸಾಲುಗಳನ್ನು ಓದಿದಾಗ ಹಿಂದಿನಿಂದ ಒಬ್ಬ, “ಥೂ, ಇಂಥವನ ಕೈಯಾಗೆ ನಮ್ಮ ಮಕ್ಕಳಿಗೆ ಪಾಠ ಹೇಳಿಸಿದ್ವಿ” ಎಂದ. ಇನ್ನೊಬ್ಬ ಪುಸ್ತಕವನ್ನು ಹೊಲಕ್ಕೆ ಎಸೆದ. ಪರಶುರಾಮ್ ಉಳಿದ ಕಟ್ಟುಗಳನ್ನು ಟ್ರ್ಯಾಕ್ಟರಿಗೆ ಹಾಕಿಸಲು ಹೊರಟರು. ಖಲೀಲಣ್ಣ ಆ ಕಟ್ಟುಗಳ ಮೇಲೆ ಕೂತು ಊಟ ಮಾಡತೊಡಗಿದರು. ಎರಡು ಸಲ ಬಡಿಸಿಕೊಂಡರು. ಏಳಲಿಲ್ಲ.

ನಿಮ್ಮ ಮುಂದೆ ನಿಂತವರು ಅಂಜಮ್ಮ. ಸತ್ತ ಮಕ್ಕಳಲ್ಲಿ ಒಂದು ಅವರದು. ಅವರು ಹೇಳಿದ್ದು ಇದು: “ನಿಮ್ಮವ್ವಗೆ ಕಾಯ್ಸಿದ ನೀರು ನನ್ನ ಮಗನಿಗೂ ಕಾಯ್ಸು ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ ಮೇಷ್ಟ್ರೇ. ನಮ್ಮನಿ ನಿಮ್ಮನಿಗೆ ಎಷ್ಟು ದೂರ ಇತ್ತು? ನಾ ಮೂವತ್ತೆರಡು ವರ್ಷ ಉಡಚಿಗೆ ಶಾಪ ಹಾಕೀನಿ. ಆ ಶಾಪ ಈಗ ಯಾರ ಮ್ಯಾಲೆ ತಿರುಗಿಸ್ಲಿ? ನಿಮ್ಮ ಮ್ಯಾಲೆ ಹಾಕಾಕೆ ನನಗೆ ಶಕ್ತಿ ಉಳಿದಿಲ್ಲ.” ನೀವು ಕೈ ಮುಗಿದಾಗ ಅವರು ನಿಮ್ಮನ್ನು ಸ್ವಲ್ಪ ಹೊತ್ತು ನೋಡಿ, “ಕೇಳಿಸಲಿಲ್ಲ ಅನ್ಸುತ್ತೆ” ಎಂದು ಹೋದರು. ಅದನ್ನು ನಿಮಗೆ ಬರೆದು ತಿಳಿಸಬೇಕಾದವಳು ನಾನಾಗಬಾರದಿತ್ತು. ಆದರೆ ಇದು ನಿಮಗೆ ತಿಳಿಯಬೇಕು.

ಅಂಬಿಕಾ ಅವರ ಹತ್ತಿರ ಯಾರೂ ಬಂದು ತಪ್ಪಾಯಿತು ಎನ್ನಲಿಲ್ಲ. ಸಂಜೆ ಊರೊಳಗೆ ಹೋಗುವಾಗ ಅಂಜಮ್ಮ ಬಂದು ಅವರ ಪಕ್ಕದಲ್ಲಿ ನಡೆದರು. ಬೆಳಗ್ಗೆ ಒಲೆ ಮುಟ್ಟಿ ಹೋಗಿದ್ದ ಇಬ್ಬರು ಅವರನ್ನು ನೋಡಿ ದಾರಿ ಬಿಟ್ಟರು. ಅಂಬಿಕಾ ಅವರ ಮಗಳು ಮಾತ್ರ ಐವತ್ತಮೂರನೇ ಪುಟ ತೆರೆದು ಹಿಡಿದುಕೊಂಡು, ಕೇಳಿದವರಿಗೂ ಕೇಳದವರಿಗೂ ಗಟ್ಟಿಯಾಗಿ ಓದುತ್ತ ನಡೆದಳು.

ಮರುದಿನ ಚನ್ನಗಿರಿಗೆ ಹೋದೆ. ಉಡಚಮ್ಮನವರಿಗೆ ಆ ಪುಟ ಓದಿ ಹೇಳಿದೆ. ಕೈ ಒರೆಸಿಕೊಂಡು ಕೇಳಿದರು. ‘ಹನ್ನೊಂದು ವರ್ಷ ಬದುಕಿದಳು’ ಎಂಬಲ್ಲಿ, “ಅಷ್ಟು ವರ್ಷ ಇದ್ಲಾ ಅಜ್ಜಿ?” ಎಂದು ಎರಡು ಸಲ ಓದಿಸಿದರು. ಅವರಿಗೆ ಅದು ಗೊತ್ತೇ ಇರಲಿಲ್ಲ ಮೇಷ್ಟ್ರೇ. ಯಾರೂ ಹೇಳಿರಲಿಲ್ಲ.

ನಿಮ್ಮನ್ನು ಕ್ಷಮಿಸಿದರೇ ಎಂದು ನೀವು ಕೇಳಿಲ್ಲ. ನಾನು ಕೇಳಿದೆ. “ಅದು ನಂಗೂ ಅವ್ರಿಗೂ ಬಿಟ್ಟಿದ್ದು. ನಿನ್ನ ಪುಸ್ತಕಕ್ಕಲ್ಲ” ಎಂದರು. ನಿಮಗೆ ಬರಬೇಕೆನ್ನಿಸಿದರೆ ವಿಳಾಸ ಈ ಕಾಗದದ ಹಿಂದೆ ಬರೆದಿದ್ದೇನೆ.

ನಾನು ನೋಟ್‌ಬುಕ್ ಮುಚ್ಚಿ ಬ್ಯಾಗಿಗೆ ಹಾಕಿಕೊಂಡೆ. ಮೂರನೆಯವರದು ಮುಗಿಯಿತು ಎಂದುಕೊಂಡಿದ್ದೆ.

“ಹೊಂಟ್ಯಾ?”

“ಹೂಂ. ಎಲ್ಲಾ ಆಯ್ತಲ್ಲ ಅಮ್ಮ.”

“ಏನಾಯ್ತು? ಬದುಕು ಬರೀತೀನಿ ಅಂತ ಬಂದಿ. ಒಂದು ದಿನದ್ದು ಬರ್ಕಂಡು ಹೊಂಟೀಯಲ್ಲ. ನಂಗೆ ಅರವತ್ತೇಳು ವರ್ಷ. ಊರೋರೂ ಆ ಒಂದು ದಿನಾನೇ ಹಿಡ್ಕಂಡ್ರು, ನೀನೂ ಅದನ್ನೇ ಹಿಡ್ಕಂಡಿ. ಉಳಿದಿದ್ದೆಲ್ಲ ಯಾರ್ದು?”

ಇಷ್ಟು ದಿನದಲ್ಲಿ ಅವರು ಹುಟ್ಟಿದ ಊರು ಯಾವುದು ಎಂದು ಸಹ ಕೇಳಿರಲಿಲ್ಲ.

ಅವರು ಮಣೆ ತಳ್ಳಿದರು. “ಕೂತ್ಕಾ. ಇವತ್ತು ಹಿಟ್ಟು ಜಾಸ್ತಿ ಐತೆ.”

ಕೂತೆ. ಕೊನೆಯ ಬಸ್ಸು ಹೋಗುವವರೆಗೂ ಕೂತಿದ್ದೆ. ಅವರ ಬದುಕಿನ ಒಂಬತ್ತನೇ ವರ್ಷದವರೆಗೆ ಬಂದಿದ್ದೇವೆ.

ಸುಮೇರಾ